ಮಗಳಿಗೊಂದು ಪತ್ರ: ದಿನಕ್ಕೆ ಮೂರು ಅಧ್ಯಾಯದ ಲೆಕ್ಕ ಬಿಡು

ಮಗಳೇ,

ಮೊನ್ನೆ ಫೋನಿನಲ್ಲಿ ನೀನು ಅಂದ ಮಾತು ತಲೆಯಿಂದ ಹೋಗುತ್ತಿಲ್ಲ. "ಅಮ್ಮಾ, ದಿನಾ ಬೈಬಲ್ ಓದ್ತೀನಿ. ಮುಚ್ಚಿಟ್ಟ ಮೇಲೆ ಏನು ಓದಿದೆ ಅಂತ ಯಾರಾದ್ರೂ ಕೇಳಿದ್ರೆ ಹೇಳೋಕೆ ಬರಲ್ಲ." ನಾನು "ಪ್ರಾರ್ಥನೆ ಮಾಡಿ ಓದು" ಅಂದು ಮಾತು ಮುಗಿಸಿಬಿಟ್ಟೆ. ತಪ್ಪು ಉತ್ತರವಲ್ಲ, ಆದರೆ ಜಾರಿಕೊಂಡ ಉತ್ತರ. ಅದಕ್ಕೇ ಈ ಪತ್ರ.

ಮೊದಲು, ವರ್ಷದಲ್ಲಿ ಇಡೀ ಬೈಬಲ್ ಮುಗಿಸುವ ಆ ಪಟ್ಟಿಯನ್ನು ಸ್ವಲ್ಪ ದಿನ ಪಕ್ಕಕ್ಕಿಡು. 66 ಪುಸ್ತಕ, 1,189 ಅಧ್ಯಾಯ. ದಿನಕ್ಕೆ ಮೂರಾದರೂ ಸಾಲದು. ಒಂದು ದಿನ ತಪ್ಪಿದರೆ ಮಾರನೇ ದಿನ ಆರೇಳು ಅಧ್ಯಾಯ ತಲೆ ಮೇಲೆ. ಆಮೇಲೆ ನಾವು ಓದುವುದು ವಾಕ್ಯವನ್ನಲ್ಲ, ಬಾಕಿ ತೀರಿಸುತ್ತೇವೆ ಅಷ್ಟೆ. ನಾನಂತೂ ಎರಡು ಸಲ ಯಾಜಕಕಾಂಡದ ಚರ್ಮರೋಗದ ಅಧ್ಯಾಯಗಳಲ್ಲೇ ಕೈಚೆಲ್ಲಿದವಳು. ಇಡೀ ಬೈಬಲ್ ಓದಲೇಬೇಕು, ಬೇಡವೆನ್ನುವುದಿಲ್ಲ. ಆದರೆ ಓದುವುದು ಬೇರೆ, ಕೂತು ಅಭ್ಯಾಸ ಮಾಡುವುದು ಬೇರೆ. ಮಾರ್ಕನಿಂದ ಶುರುಮಾಡು. ಬರೀ 16 ಅಧ್ಯಾಯ, ಯೇಸುವಿನ ಬದುಕನ್ನು ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು.

ಇನ್ನೊಂದು ವಿಷಯ ನನಗೆ ಬಹಳ ತಡವಾಗಿ ಗೊತ್ತಾಯಿತು. ಈ ಅಧ್ಯಾಯ, ವಚನದ ಸಂಖ್ಯೆಗಳು ಮೂಲದಲ್ಲಿ ಇರಲೇ ಇಲ್ಲ. ಈಗಿನ ಅಧ್ಯಾಯ ವಿಂಗಡಣೆ ಬಂದದ್ದು 13ನೇ ಶತಮಾನದ ಆರಂಭದಲ್ಲಿ. ಹೊಸ ಒಡಂಬಡಿಕೆಗೆ ಈಗಿರುವ ವಚನ ಸಂಖ್ಯೆಗಳನ್ನು ಹಾಕಿದ್ದು ರಾಬರ್ಟ್ ಎಸ್ತಿಯೆನ್ ಎಂಬ ಮುದ್ರಕ, 1551ರಲ್ಲಿ. ಹುಡುಕಲು ಅನುಕೂಲ, ನಿಜ. ಆದರೆ ಆ ಅಂಕಿಗಳಿಂದಾಗಿಯೇ ಒಂದೊಂದು ವಚನವನ್ನು ಹೂವಿನಂತೆ ಕಿತ್ತು ತಲೆಗೆ ಮುಡಿದುಕೊಳ್ಳುವ ಚಟ ನಮಗೆ ಹತ್ತಿದೆ. ಅಪೊಸ್ತಲ ಪೌಲ ಸಭೆಗಳಿಗೆ ಬರೆದದ್ದು ಪತ್ರ. ಈ ನನ್ನ ಪತ್ರದ ಏಳನೇ ಸಾಲನ್ನು ಮಾತ್ರ ಕತ್ತರಿಸಿ ಗೋಡೆಗೆ ಅಂಟಿಸಿಕೊಂಡರೆ ಹೇಗಿರುತ್ತೆ ಯೋಚಿಸು.

ನೀನು ಮೇಜಿನ ಮುಂದೆ ಅಂಟಿಸಿಕೊಂಡಿರುವ ಯೆರೆಮೀಯ 29:11ನ್ನೇ ನೋಡು. ನಿಮ್ಮ ಬಗ್ಗೆ ನನಗಿರುವುದು ಹಿತದ ಯೋಚನೆಗಳು, ನಿಮಗೆ ನಿರೀಕ್ಷೆ ಕೊಡುತ್ತೇನೆ ಎನ್ನುವ ದೇವರ ಮಾತು. ಅದು ಬಾಬೆಲಿಗೆ ಸೆರೆಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರದ ನಡುವಿನ ಸಾಲು. ಅದರ ಹಿಂದಿನ ವಚನದಲ್ಲೇ ಎಪ್ಪತ್ತು ವರ್ಷ ಕಾಯಬೇಕು ಅಂತಿದೆ! ಕೇಳಿಸಿಕೊಂಡ ದೊಡ್ಡವರಲ್ಲಿ ಹೆಚ್ಚಿನವರು ಆ ಬಿಡುಗಡೆ ನೋಡಿರಲಾರರು. ಅಲ್ಲಿಯವರೆಗೆ ಏನು ಮಾಡಬೇಕಂತೆ? ಮನೆ ಕಟ್ಟಿ, ತೋಟ ಮಾಡಿ, ನಿಮ್ಮನ್ನು ಸೆರೆ ಒಯ್ದ ಆ ಊರಿನ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿ. ಕಾಗದ ಕಿತ್ತುಹಾಕು ಅನ್ನುತ್ತಿಲ್ಲ. ನಾಳಿದ್ದಿನ ಇಂಟರ್ವ್ಯೂನಲ್ಲಿ ಕೆಲಸ ಸಿಗುತ್ತೆ ಅನ್ನುವ ಗ್ಯಾರಂಟಿ ಅದಲ್ಲ, ಅಷ್ಟೆ. ಮೊದಲು ಕೇಳಿದವರಿಗೆ ಈ ಮಾತು ಏನಾಗಿತ್ತು ಅಂತ ಕೇಳಿಕೋ. ನಿನಗೇನು ಅನ್ನುವುದು ಆಮೇಲೆ. ವಚನ ಬಾಯಿಗೆ ಬಂದ ಮಾತ್ರಕ್ಕೆ ಏನೂ ಆಗಲ್ಲ ಮಗಳೇ, ಯೇಸುವನ್ನು ಶೋಧಿಸುವಾಗ ಸೈತಾನನೂ 91ನೇ ಕೀರ್ತನೆಯನ್ನೇ ಹೇಳಿದ.

ಈಗ ನಾನು ಹೇಗೆ ಓದುತ್ತೇನೆ ಅಂತ ಒಂದು ಭಾಗ ತೋರಿಸುತ್ತೇನೆ. ಲೂಕ 10, ಒಳ್ಳೆಯ ಸಮಾರ್ಯದವನ ಕಥೆ: ಕಳ್ಳರು ಹೊಡೆದು ದಾರಿಯಲ್ಲಿ ಬಿಟ್ಟುಹೋದವನಿಗೆ, ಯೆಹೂದ್ಯರು ಕೀಳಾಗಿ ಕಾಣುತ್ತಿದ್ದ ಸಮಾರ್ಯದವನೊಬ್ಬ ನೆರವಾದದ್ದು. ಸಂಡೇ ಸ್ಕೂಲಿನಿಂದ ಕೇಳಿ ಕೇಳಿ ಸವೆದುಹೋದ ಕಥೆ. ಒಂದು ಬೆಳಗ್ಗೆ ಪೆನ್ಸಿಲ್ ಹಿಡಿದು ಬರೀ ಕ್ರಿಯಾಪದಗಳಿಗೆ ಗೆರೆ ಎಳೆದೆ. ಯಾಜಕ: ಕಂಡನು, ಓರೆಯಾಗಿ ಹೋದನು. ಲೇವಿಯ (ದೇವಾಲಯದ ಸೇವಕ): ಕಂಡನು, ಓರೆಯಾಗಿ ಹೋದನು. ಸಮಾರ್ಯದವನು: ಕಂಡನು, ಕನಿಕರಪಟ್ಟನು, ಹತ್ತಿರ ಹೋದನು, ಗಾಯ ಕಟ್ಟಿದನು, ತನ್ನ ವಾಹನದ ಮೇಲೆ ಹತ್ತಿಸಿದನು, ಚತ್ರಕ್ಕೆ ಕರೆದೊಯ್ದನು, ಆರೈಕೆ ಮಾಡಿದನು, ಮರುದಿನ ಹಣ ಕೊಟ್ಟನು. ಮೂವರಿಗೂ ಮೊದಲ ಪದ ಒಂದೇ, ನೋಡಿದೆಯಾ? ಕಾಣದೆ ಹೋದವರು ಯಾರೂ ಇಲ್ಲ. ಅವನು ಕೊಟ್ಟದ್ದು ಎರಡು ದಿನಾರಿ, ಅಂದರೆ ಎರಡು ದಿನದ ಕೂಲಿ. ಕೊನೆಗೆ ಯಾರು ನೆರೆಯವನಾದನು ಎಂದು ಯೇಸು ಕೇಳಿದಾಗ, ನನ್ನ ನೆರೆಯವನು ಯಾರು ಎಂದು ಮೊದಲು ಪ್ರಶ್ನಿಸಿದ್ದ ಯೆಹೂದ್ಯ ಧರ್ಮಶಾಸ್ತ್ರಿ "ಸಮಾರ್ಯದವನು" ಅನ್ನುವುದೇ ಇಲ್ಲ. "ದಯೆ ತೋರಿಸಿದವನು" ಅನ್ನುತ್ತಾನೆ. ಆ ಹೆಸರು ಅವನ ಗಂಟಲಲ್ಲೇ ಸಿಕ್ಕಿಕೊಂಡಿತೇನೋ ಎಂದು ನನಗನಿಸುತ್ತದೆ.

ಪುಸ್ತಕ ಮುಚ್ಚುವಾಗ ರೂಢಿಯಂತೆ "ನಾನು ಎಲ್ಲರನ್ನೂ ಪ್ರೀತಿಸಬೇಕು" ಎಂದು ಬರೆಯಲು ಹೊರಟೆ. ನನ್ನ ಹಳೇ ನೋಟ್‌ಬುಕ್‌ಗಳ ತುಂಬ ಅದೇ ಸಾಲು. ಎಲ್ಲರನ್ನೂ ಪ್ರೀತಿಸುವುದು ಸುಲಭ, ಅದರಲ್ಲಿ ಯಾರ ಮುಖವೂ ಇರುವುದಿಲ್ಲ. ಅಷ್ಟರಲ್ಲಿ "ಓರೆಯಾಗಿ ಹೋದನು" ಅನ್ನುವ ಮಾತು ಚುಚ್ಚಿತು. ನಿನ್ನ ಮಾವನಿಗೂ ನನಗೂ ಮಾತು ನಿಂತದ್ದು ನಿನಗೆ ಗೊತ್ತು. ಗೊತ್ತಿಲ್ಲದ್ದು ಇದು: ಅವನು ಮೂರು ಸಲ ಫೋನ್ ಮಾಡಿದ್ದ. ಮೂರು ಸಲವೂ ಹೆಸರು ಕಾಣುತ್ತಿತ್ತು, ಫೋನನ್ನು ಬೋರಲು ಹಾಕಿ, ರಿಂಗ್ ನಿಲ್ಲುವವರೆಗೆ ಕಾದೆ. ಕಂಡೆ, ಓರೆಯಾಗಿ ಹೋದೆ.

ಬರೆಯಹೊರಟ ಸಾಲು ಬಿಟ್ಟು ಹೀಗೆ ಬರೆದೆ: "ನಾಳೆ ಸಂಜೆ ಆರಕ್ಕೆ ಅಣ್ಣನಿಗೆ ಫೋನ್." ಮಾಡಿದೆ. "ಏನಾಗಬೇಕಿತ್ತು?" ಅಂದ. ಮೂರೇ ನಿಮಿಷ ಮಾತು, ಅದರಲ್ಲಿ ಒಂದು ನಿಮಿಷ ಇಬ್ಬರೂ ಸುಮ್ಮನಿದ್ದೆವು. ನನ್ನ ತಪ್ಪು ನಾನು ಹೇಳಿದೆ, ಅವನದು ಅವನು ಹೇಳಲಿಲ್ಲ. ಈಗಲೂ ಅವನಾಗಿ ಮಾಡುವುದಿಲ್ಲ, ನಾನೇ ಭಾನುವಾರ ಮಾಡುತ್ತೇನೆ. ಹೋದ ವಾರ ನಿನ್ನ ವಿಷಯ ಕೇಳಿದ. ಓದಿದ್ದನ್ನು ಬದುಕಿಗೆ ಅನ್ವಯಿಸುವುದು ಅಂದರೆ ನನಗೆ ಇಷ್ಟೇ ಗೊತ್ತು: ಒಂದು ಹೆಸರು, ಒಂದು ಹೊತ್ತು. ಆ ಕೆಲಸ ಬೇರೆಯವರು ಮಾಡಬೇಕಾದದ್ದಾಗಿರಬಾರದು, ನಾನೇ ಮಾಡಬೇಕಾದದ್ದಾಗಿರಬೇಕು. ಚರ್ಚಿನಲ್ಲಿ ಪ್ರಸಂಗ ಕೇಳುವಾಗ "ಇದನ್ನು ಅವಳು ಕೇಳಬೇಕಿತ್ತು" ಅನಿಸುತ್ತಲ್ಲ, ಆಗ ಪೆನ್ ಕೆಳಗಿಡು.

ಎಲ್ಲ ಭಾಗದಿಂದಲೂ ಹೀಗೆ ಕೆಲಸ ಹಿಂಡಲು ಹೋಗಬೇಡ. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ. ಅಲ್ಲಿ ಪಾಠ ಹುಡುಕದೆ ಅಳುವವನ ಪಕ್ಕ ಸುಮ್ಮನೆ ಕೂತರೆ ಸಾಕು. ಅರ್ಥವಾಗದ್ದಕ್ಕೆ ಪ್ರಶ್ನಾರ್ಥಕ ಚಿಹ್ನೆ ಹಾಕಿಟ್ಟು ಬಲ್ಲವರನ್ನು ಕೇಳು. ಅಪೊಸ್ತಲರ ಕೃತ್ಯಗಳಲ್ಲಿ, ಪ್ರವಾದಿ ಯೆಶಾಯನ ಪುಸ್ತಕ ಓದುತ್ತಿದ್ದ ಐಥಿಯೋಪ್ಯದ ಅಧಿಕಾರಿ, ಯಾರಾದರೂ ದಾರಿ ತೋರಿಸದಿದ್ದರೆ ನನಗೆ ಹೇಗೆ ತಿಳಿಯುತ್ತದೆ ಎಂದು ಸುವಾರ್ತೆ ಸಾರುತ್ತಿದ್ದ ಫಿಲಿಪ್ಪನನ್ನು ಕೇಳಲು ನಾಚಲಿಲ್ಲ. ನನ್ನ ಬೈಬಲಿನ ಅಂಚಿನಲ್ಲೂ ಅಂಥ ಚಿಹ್ನೆಗಳು ಬೇಕಾದಷ್ಟಿವೆ, ಕೆಲವು ನಿನಗಿಂತ ಹಳೆಯವು.

ನಾಳೆ ಬೆಳಗ್ಗೆ ಮಾರ್ಕನ ಮೊದಲ ಅಧ್ಯಾಯ ನಾನೂ ಓದುತ್ತೇನೆ. "ಕೂಡಲೇ", "ತಕ್ಷಣ" ಇಂಥ ಪದಗಳು ಎಷ್ಟು ಸಲ ಬರುತ್ತವೆ ಎಣಿಸಿ ಬರೆದಿಟ್ಟುಕೋ. ರಾತ್ರಿ ಫೋನ್ ಮಾಡುತ್ತೇನೆ, ಇಬ್ಬರ ಲೆಕ್ಕ ತಾಳೆಯಾಗುತ್ತಾ ನೋಡೋಣ.

ನಿನ್ನ
ಅಮ್ಮ