ಮಗಳಿಗೊಂದು ಪತ್ರ: ಬಂದ್ ಆದ ಸ್ಟೇಷನ್

ಯವ್ವಾ,

ಮೂರು ವಾರದಿಂದ ನಿನ್ನ ಫೋನ್ ಬಂದ್ರ ನಿಮ್ಮವ್ವನ ಕೈಯಾಗ ಕೊಟ್ಟು ನಾ ಹೊರಗ ಕಟ್ಟಿ ಮ್ಯಾಲ ಹೋಗಿ ಕುಂಡ್ರಾಕತ್ತೇನಿ, ಅದು ನಿನಗೂ ಗೊತ್ತಾಗೈತಿ. ಏರ್‌ಫೋರ್ಸ್ ಪರೀಕ್ಷಾ ಪಾಸಾಗೇನಿ, ಮೈಸೂರಾಗ ಇಂಟರ್‌ವ್ಯೂ ಐತಿ ಅಂತ ನೀ ಹೇಳಿದ ಕೂಡ್ಲೆ ನಾ ಬ್ಯಾಡ ಅಂದೆ, ಯಾಕಂತ ಹೇಳಲಿಲ್ಲ. ಹೆಣ್ಣುಮಗಳು ಅಂತ ಅಂದೆ ಅಂತ ನೀ ತಿಳ್ಕೊಂಡಿ. ಅದಲ್ಲವಾ. 2016ರಾಗ ಮೂರು ಮಂದಿ ಹುಡುಗ್ಯಾರು ಫೈಟರ್ ಪೈಲಟ್ ಆದಾಗ ಪೇಪರ್ ಕತ್ತರಿಸಿ ನಿನ್ನ ಪುಸ್ತಕದಾಗ ಇಟ್ಟಾಂವ ನಾನ. ನನ್ನ ಅಂಜಿಕಿ ಬ್ಯಾರೆ. ವಿಮಾನ ಬಿದ್ದು, ಜೀವ ಉಳದು, ನೀ ವೈರಿ ಕೈಯಾಗ ಸಿಕ್ರ ನಾವಿಲ್ಲಿ ಹೆಂಗ ಅನ್ನ ಉಣ್ಣೂದು ಅಂತ. ಅದೊಂದ ತಲಿಯಾಗ ಕುಂತು ಬಿಡ್ತು, ಅದಕ್ಕ ಈ ಮೂರು ವಾರ ಯುದ್ಧ ಕೈದಿಗಳ ಬಗ್ಗೆನ ಓದಿನಿ, ರಾತ್ರಿ ಒಂದರತನಕ.

ಮೊದಲ ನಮ್ಮ ಸೈನ್ಯದ ದಂಡನಾಯಕ ಆಗಿದ್ದ ಕೊಡಗಿನ ಕಾರ್ಯಪ್ಪ ಅವರದು ಓದಿದೆ. ಅವರ ಮಗ ಏರ್‌ಫೋರ್ಸ್ ಪೈಲಟ್, 1965ರ ಸೆಪ್ಟೆಂಬರ್ 22ಕ್ಕ, ಯುದ್ಧ ಮುಗಿಯೂ ಹೊತ್ತಿನ್ಯಾಗ, ಅವರ ಹಂಟರ್ ವಿಮಾನ ಹೊಡದು ಬೀಳಿಸಿದ್ರು. ಆಗ ಪಾಕಿಸ್ತಾನದ ಅಧ್ಯಕ್ಷರು ಅಯೂಬ್ ಖಾನ್, ದೇಶ ಒಡಿಯೂಕಿಂತ ಮೊದಲ ಕಾರ್ಯಪ್ಪ ಅವರ ಕೈಕೆಳಗ ಕೆಲಸ ಮಾಡಿದವ್ರು. ಬೇಕಂದ್ರ ನಿಮ್ಮ ಮಗನ್ನ ಬಿಡ್ತೀವಿ ಅಂತ ಹೇಳಿ ಕಳಿಸಿದ್ರಂತ. ಅಲ್ಲಿರೂ ಕೈದಿಗಳೆಲ್ಲಾ ನನ್ನ ಮಕ್ಕಳ, ಬಿಡೂದಾದ್ರ ಎಲ್ಲಾರನ್ನೂ ಬಿಡ್ರಿ ಅಂದ್ರು ಇವರು. ಇದನ್ನ ಓದಿ ಫೋನ್ ಕೆಳಗಿಟ್ಟು ಸುಮ್ನ ಕುಂತೆ ಯವ್ವಾ. ನಾ ಆಗಿದ್ರ ಆ ಮಾತು ಆಡ್ತಿದ್ದಿಲ್ಲ. ನನ್ನ ಮಗಳನ್ನ ಮೊದಲ ಬಿಡ್ರಿ ಅಂತ ಕಾಲು ಹಿಡೀತಿದ್ದೆ. ನಿನಗ ಸುಳ್ಳು ಹೇಳಾಕ ಬರೂದಿಲ್ಲ.

ಆಮ್ಯಾಲ ಎರಡನೇ ಮಹಾಯುದ್ಧದಾಗ ಜರ್ಮನಿಯವ್ರು ನಡೆಸಿದ ಸಾಗಾನ್ ಕೈದಿ ಕ್ಯಾಂಪಿಂದು ಓದಿದೆ, ಈಗ ಆ ಊರು ಪೋಲಂಡ್‌ನ್ಯಾಗ ಐತಿ. ಬ್ಯಾರೆ ಬ್ಯಾರೆ ದೇಶದ ಪೈಲಟ್‌ಗಳನ್ನ ತಂದು ಹಾಕಿದ್ರು, ಸುತ್ತ ಮುಳ್ಳುತಂತಿ, ವಾಚ್ ಟವರ್, ನೆಲದಾಗ ಸಪ್ಪಳ ಹಿಡಿಯೂ ಮೈಕು. ಅದಕ್ಕ ಇವ್ರು ಹತ್ತತ್ರ ಒಂಬತ್ತು ಮೀಟರ್ ಆಳಕ್ಕ ಇಳದು ಸುರಂಗ ಹೊಡದ್ರು. ನೂರು ಮೀಟರ್‌ಗಿಂತ ಒಂಚೂರು ಹೆಚ್ಚು ಉದ್ದ, ನಾಲ್ಕೂವರೆ ಬೋಗಿ ಅಂತ ಹಿಡಿ, ಒಬ್ಬಾಂವ ಮಕಾಡೆ ಮಲಗಿ ತೂರೂವಷ್ಟ ಅಗಲ. ಬಾಯಿ ಎಲ್ಲಿತ್ತು ಗೊತ್ತೇನು, ಖೋಲಿ ಕಾಸೂ ಒಲಿ ಕೆಳಗ. ಉಸುಕು ಕುಸೀಬಾರ್ದು ಅಂತ ತಮ್ಮ ಮಂಚದ ಹಲಗಿ ಕಿತ್ತು ಕೊಟ್ರು, ಹತ್ತಿರ ನಾಲ್ಕು ಸಾವಿರ ಹಲಗಿ, ಮಲ್ಕೊಂಡ್ರ ಕೆಳಗ ಬೀಳ್ತಿದ್ರಂತ. ರೆಡ್ ಕ್ರಾಸಿನ ಹಾಲಿನ ಪುಡಿ ಡಬ್ಬಿ ಒಂದಕ್ಕೊಂದು ಜೋಡಿಸಿ ಗಾಳಿ ಪೈಪ್ ಮಾಡಿದ್ರು. ಕೆಳಗಿನ ಉಸುಕು ಹಳದಿ, ಮ್ಯಾಲಿನ ಮಣ್ಣಿಗೆ ಕೂಡೂದಿಲ್ಲ, ಹಂಗಾಗಿ ಚೀಲದಾಗ ತುಂಬಿ ಪ್ಯಾಂಟಿನ ಒಳಗ ಇಳಿಬಿಟ್ಕೊಂಡು ಅಡ್ಡಾಡ್ತಾ ಅಡ್ಡಾಡ್ತಾ ಉದುರಿಸಿ ಕಾಲಿಲೆ ಕಲಸೂದು. ಮತ್ತ ಒಳಗ ರೈಲು ಹಾಕಿದ್ರು ಯವ್ವಾ! ಕಟಿಗಿ ಹಳಿ, ಕಟಿಗಿ ಟ್ರಾಲಿ, ಹಗ್ಗದಿಂದ ಎಳಿಯೂದು, ನಡುವ ಗಾಡಿ ಬದಲಿಸೂ ಎರಡು ಜಾಗಕ್ಕ ಲಂಡನ್ನಿನ ಸ್ಟೇಷನ್ ಹೆಸರು, ಪಿಕಾಡಿಲಿ, ಲೆಸ್ಟರ್ ಸ್ಕ್ವೇರ್ ಅಂತ. ಮೂವತ್ತಾರು ವರ್ಷ ಹಳಿ ಬಾಜೂಕ ಬದುಕಿದಾಂವ ನಾನು, ಇದನ್ನ ಓದಿದಾಗ ಕಣ್ಣಾಗ ನೀರು ಬಂತು.

1944ರ ಮಾರ್ಚ್ 24ರ ರಾತ್ರಿ ಹೊಂಟ್ರು. ಸುರಂಗದ ತುದಿ ಗಿಡದ ಒಳಗ ಏಳಬೇಕಿತ್ತು, ಅಳತಿ ತಪ್ಪಿ ಬಯಲಾಗ ಎದ್ದಿತು. ಆದ್ರೂ 76 ಮಂದಿ ಹೊರಗ ಹೋದ್ರು, ಮುಂದಿನವ ಸಿಕ್ಕಬಿದ್ದ. 73 ಮಂದಿ ಮತ್ತ ಸಿಕ್ರು, ಅದರಾಗ 50 ಮಂದೀನ್ನ ಹಿಟ್ಲರ್ ಆರ್ಡರ್ ಮಾಡಿ ಕೊಲ್ಲಿಸಿದ. ಊರು ಮುಟ್ಟಿದವ್ರು ಮೂವರ. ಇದನ್ನ ನಿಮ್ಮವ್ವಗ ಹೇಳಿಲ್ಲ, ನೀನೂ ಹೇಳಬ್ಯಾಡ.

ಈಗ ನಮ್ಮವ್ರದು ಕೇಳು. 1971ರ ಯುದ್ಧದಾಗ ಸಿಕ್ಕ ನಮ್ಮ 12 ಪೈಲಟ್‌ಗಳು ರಾವಲ್ಪಿಂಡಿ ಕ್ಯಾಂಪ್‌ನ್ಯಾಗ ಇದ್ರು. ಅದರಾಗ ದಿಲೀಪ್ ಪಾರುಲ್ಕರ್, ಗ್ರೇವಾಲ್, ಹರೀಶ್ ಸಿಂಹಜಿ ಮೂವರೂ ರಾತ್ರಿ ರಾತ್ರಿ ಗ್ವಾಡಿ ಕೆತ್ತಿ ಕೆತ್ತಿ ಇಟ್ಟಂಗಿ ಬಿಡಿಸಿದ್ರು. ಉಳಿದವ್ರು ಕಾವಲು ಕಾದ್ರು. 1972ರ ಆಗಸ್ಟ್ 12 ದಾಟಿ 13 ಹತ್ತೂ ರಾತ್ರಿ ದೊಡ್ಡ ಗಾಳಿ ಎದ್ದಿತ್ತು, ಆಗ ತೂರಿ ಹೊರಗ ಬಿದ್ರು. ಬಸ್ ಹಿಡದು ಪೇಶಾವರ, ಅಲ್ಲಿಂದ ಖೈಬರ್ ದಾರಿ, ಮುಂಜಾನಿ ಹೊತ್ತಿಗೆ ಲಾಂಡಿ ಕೋಟಲ್. ಅಫ್ಘಾನಿಸ್ತಾನದ ಗಡಿ ಇನ್ನ ಏಳೆಂಟು ಕಿಲೋಮೀಟರ್, ಹುಬ್ಬಳ್ಳಿಯಿಂದ ಅಮರಗೋಳಕ್ಕ ಹೋದಂಗ ಅಷ್ಟ. ಅಲ್ಲಿ ನಿಂತು, ಲಾಂಡಿ ಖಾನಾಕ್ಕ ಹೆಂಗ ಹೋಗೂದು ಅಂತ ಕೇಳಿದ್ರು. ಅವರ ಹಂತೇಕ ಇದ್ದ ನಕ್ಷಾದಾಗ ಗಡಿ ಹತ್ರದ ಕಡೀ ಸ್ಟೇಷನ್ ಅದು. ಖರೇ ಅಂದ್ರ ಆ ಸ್ಟೇಷನ್ ಬ್ರಿಟಿಷರ ಕಾಲದಾಗ, 1932ರಾಗ, ಬಂದ್ ಆಗಿತ್ತು. ನಲವತ್ತು ವರ್ಷದಿಂದ ಇಲ್ಲದ ಸ್ಟೇಷನ್ ಕೇಳೂ ಇವ್ರು ಯಾರಪ್ಪ ಅಂತ ತಹಸೀಲ್ದಾರ್ ಕಚೇರಿ ಗುಮಾಸ್ತಗ ಸಂಶಯ ಬಂತು. ಅಲ್ಲೇ ಹಿಡದ್ರು.

ನಾ ಎಷ್ಟೋ ಸರ್ತಿ ಅದನ್ನ ನೆನಸ್ತೇನಿ. ಅಷ್ಟು ದಿನ ಗ್ವಾಡಿ ಕೆತ್ತಿದ್ದು, ಅಷ್ಟು ಚೆಕ್‌ಪೋಸ್ಟ್ ದಾಟಿದ್ದು, ಒಂದು ಹಳೇ ಹೆಸರಿಗೆ ಹೋತು. ಸ್ಟೇಷನ್ ಮಾಸ್ಟರ್ ಆಗಿ ನಾ ರೈಲ್ವೆ ಮಂದಿ ನೋಡೂ ವರ್ಕಿಂಗ್ ಟೈಮ್‌ಟೇಬಲ್‌ಗೆ ತಿದ್ದುಪಡಿ ಸ್ಲಿಪ್ ಬಂದ ಕೂಡ್ಲೆ ಅಂಟಿಸ್ಕೋತ ಬಂದಾಂವ, ನೀ ಸಣ್ಣಾಕಿ ಇದ್ದಾಗ ಗೋಂದು ಹಚ್ಚಿ ಕೊಡ್ತಿದ್ದಿ, ನೆನಪೈತೇನು? ಮುಂದ ನೀ ಎಲ್ಲೇ ಹೋಗು, ನಕ್ಷಾ ಕೈಯಾಗ ಕೊಟ್ರ ಯಾವ ವರ್ಷದ್ದು ಅಂತ ಮೊದಲ ಕೇಳು. ನಾಚಬ್ಯಾಡ.

ಆ ಮೂವರಿಗೆ ಏನಾತು ಅಂತ ನಿನಗ ಹೇಳಬೇಕು. ಮತ್ತ ಒಳಗ ಹಾಕಿದ್ರು, ಉಳಿದವ್ರ ಜೋಡಿ ಲಾಯಲ್‌ಪುರ ಜೈಲಿಗೆ ಸಾಗಿಸಿದ್ರು, ಆದ್ರ ಕೊಲ್ಲಲಿಲ್ಲ. 1949ರ ಜಿನೀವಾ ಒಪ್ಪಂದದಾಗ ಐತಿ, ಯುದ್ಧ ಕೈದಿ ಓಡಿ ಸಿಕ್ರ ಶಿಸ್ತಿನ ಶಿಕ್ಷಾ ಅಷ್ಟ ಕೊಡಬೇಕು ಅಂತ. ಆ ಸಾಲು ನಾ ನಾಲ್ಕು ಸಲ ಓದೇನಿ. ಡಿಸೆಂಬರ್ 1ಕ್ಕ ವಾಘಾ ಗಡಿಯಿಂದ ನಡಕೊಂಡ ಬಂದ್ರು ಎಲ್ಲಾರೂ.

ಅಂಜಿಕಿ ಹೋಗಿಲ್ಲ ಯವ್ವಾ, ಹೋಗೂದೂ ಇಲ್ಲ. ಆದ್ರ ನನ್ನ ಅಂಜಿಕಿಗೆ ನಿನ್ನ ಇಂಟರ್‌ವ್ಯೂ ತಡದು ನಿಲ್ಲಸೂದು ಬ್ಯಾಡ ಅಂತ ನಿನ್ನೆ ಸ್ಟೇಷನ್‌ಗೆ ಹೋಗಿ ಮೈಸೂರಿಗೆ ಎರಡು ಟಿಕೆಟ್ ತಗಸೇನಿ. ಶನಿವಾರ ಮನಿಗೆ ಬಾ. ನೀ ಒಳಗ ಇರೂ ಅಷ್ಟು ದಿನ ನಾ ಅಲ್ಲೇ ಲಾಡ್ಜ್‌ನ್ಯಾಗ ಇರ್ತೇನಿ, ಮೊದಲನೇ ದಿನಾನ ವಾಪಸ್ ಕಳಿಸಿದ್ರೂ ಚಿಂತಿಲ್ಲ, ಚಾಮುಂಡಿ ಬೆಟ್ಟ ನೋಡ್ಕೊಂಡ ಬರೂಣು. ನಿಮ್ಮವ್ವ ಶೇಂಗಾ ಹೋಳಗಿ ಕಟ್ತಾಳಂತ. ಕೆಳಗಿನ ಬರ್ತ್ ನಿಂದು.

ನಿಮ್ಮಪ್ಪ
ಹುಬ್ಬಳ್ಳಿ