ಅಟ್ಟದ ಮೇಲಿನ ವಿಡಿಯೋ ಕ್ಯಾಸೆಟ್ ಗುಜರಿಗೆ ಹಾಕಬೇಡಿ

ಮಾನ್ಯ ಸಂಪಾದಕರೇ,

ದೀಪಾವಳಿ ಹತ್ತಿರ ಬಂತು ಅಂದರೆ ನಮ್ಮ ಕಡೆ ಅಟ್ಟ ಗುಡಿಸುವ ಕೆಲಸ ಶುರು. ಈ ಸಲ ನಮ್ಮ ಬೀದಿಗೆ ಬಂದ ಗುಜರಿ ಗಾಡಿಯಲ್ಲಿ ವಿಡಿಯೋ ಕ್ಯಾಸೆಟ್‌ಗಳ ಒಂದು ಮೂಟೆಯೇ ಇತ್ತು. ನೋಡಿ ಹೊಟ್ಟೆ ಉರಿಯಿತು. ಅದಕ್ಕೇ ಈ ಪತ್ರ.

ನಮ್ಮ ಅಪ್ಪ ಟಿವಿಯಲ್ಲಿ ಬಂದದ್ದನ್ನು ವಿಸಿಆರ್ ಎಂಬ ಕ್ಯಾಸೆಟ್ ಯಂತ್ರದಲ್ಲಿ ರೆಕಾರ್ಡ್ ಮಾಡಿಡುತ್ತಿದ್ದರು. ಒಂದು ಕ್ಯಾಸೆಟ್ ಮೇಲೆ ಅವರದೇ ಅಕ್ಷರದಲ್ಲಿ 'ಚಿಕ್ಕಮ್ಮನ ಹಾಡು, 1988, ಅಳಿಸಬಾರದು' ಅಂತ ಇದೆ. ಬೆಂಗಳೂರು ದೂರದರ್ಶನದಲ್ಲಿ ಚಿಕ್ಕಮ್ಮ ಮತ್ತು ಅವರ ಗೆಳತಿಯರು ಹಾಡಿದ 22 ನಿಮಿಷ. ಚಿಕ್ಕಮ್ಮ ಈಗಿಲ್ಲ.

ಮೊದಲು ಪೇಟೆಯ ಒಂದು ಸ್ಟುಡಿಯೋಗೆ ಕೊಟ್ಟೆ. ಡಿವಿಡಿ ಮಾಡಿ ಕೊಟ್ಟರು. ಹಳೇ ಟಿವಿಯ 4:3 ಅಳತೆಯ ಚಿತ್ರವನ್ನು ಈಗಿನ ಅಗಲ ಪರದೆಯ 16:9ಕ್ಕೆ ಎಳೆದು ಎಲ್ಲರ ಮುಖ ಅಗಲ ಮಾಡಿಟ್ಟಿದ್ದರು, ಜೊತೆಗೆ ಚಿಕ್ಕಮ್ಮ ತಾಳ ಹಾಕಿದಾಗೆಲ್ಲ ಕೈಯ ಅಂಚಿನಲ್ಲಿ ಬಾಚಣಿಗೆ ಹಲ್ಲಿನ ಹಾಗೆ ಗೆರೆ. ಹಳೇ ಟಿವಿಯಲ್ಲಿ ಸೆಕೆಂಡಿಗೆ 25 ಚಿತ್ರ, ಒಂದೊಂದೂ ಬೆಸ ಗೆರೆ, ಸಮ ಗೆರೆ ಅಂತ ಎರಡು ಕಂತಿನಲ್ಲಿ ಬರುತ್ತದೆ. ಎರಡನ್ನೂ ಕಂಪ್ಯೂಟರ್ ಒಟ್ಟಿಗೆ ತೋರಿಸಿದರೆ ಅಲ್ಲಾಡುವ ಕಡೆಯೆಲ್ಲ ಹೀಗಾಗುತ್ತದೆ. ಡಿಇಂಟರ್‌ಲೇಸ್ ಮಾಡಿದರೆ, ಅಂದರೆ ಆ ಎರಡು ಕಂತನ್ನು ಬಿಡಿಸಿ ಪೂರ್ತಿ ಚಿತ್ರ ಮಾಡಿದರೆ, ಹೋಗುತ್ತದೆ, ಅವರು ಮಾಡಿರಲಿಲ್ಲ.

ಆಮೇಲೆ ಮನೆಯಲ್ಲೇ ಕೂತೆ. ಕಷ್ಟ ಇರುವುದು ಓಡುವ ವಿಸಿಆರ್ ಹುಡುಕುವುದರಲ್ಲಿ. ಕೊನೆಯವರೆಗೆ ವಿಸಿಆರ್ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿಯೂ 2016ರಲ್ಲಿ ನಿಲ್ಲಿಸಿತು. ಗೆಳೆಯರೊಬ್ಬರಿಂದ ಎರವಲು ತಂದೆ. ನಮ್ಮ ಮಳೆಗೆ ಟೇಪಿಗೆ ಬಿಳಿ ಬೂಷ್ಟು ಹಿಡಿದಿರುತ್ತದೆ, ಅಂಥದ್ದನ್ನು ಹಾಗೇ ಒಳಗೆ ಹಾಕಬೇಡಿ, ಟೇಪ್ ಓದುವ ಹೆಡ್ಡಿಗೂ ಮೆತ್ತಿಕೊಂಡು ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ. ಉಳಿದದ್ದು ಸುಲಭ. ವಿಸಿಆರ್‌ನಿಂದ ಯುಎಸ್‌ಬಿ ಕ್ಯಾಪ್ಚರ್ ಸ್ಟಿಕ್ (ಟೇಪಿನ ವಿಡಿಯೋವನ್ನು ಕಂಪ್ಯೂಟರಿಗೆ ಇಳಿಸುವ ಪುಟ್ಟ ಸಾಧನ), ಅಲ್ಲಿಂದ ಕಂಪ್ಯೂಟರ್. ಮೂರು ಗಂಟೆಯ ಟೇಪಿಗೆ ಮೂರು ಗಂಟೆಯೇ ಬೇಕು. ಸೆಕೆಂಡಿಗೆ 6 ಮೆಗಾಬಿಟ್ (ಎಂಬಿಪಿಎಸ್) ಲೆಕ್ಕದಲ್ಲಿ ಗಂಟೆಗೆ ಸುಮಾರು 2.7 ಜಿಬಿ ಆಗುತ್ತದೆ.

ಕತ್ತರಿಸಲು ಅವಿಡೆಮಕ್ಸ್ ಎಂಬ ಸಾಫ್ಟ್‌ವೇರ್ ಸಾಕು, ದುಡ್ಡು ಕೊಡಬೇಕಿಲ್ಲ. ಬೇಡದ ಭಾಗದ ಶುರುವಿಗೆ ಎ, ಕೊನೆಗೆ ಬಿ ಗುರುತು ಹಾಕಿ ಡಿಲೀಟ್ ಒತ್ತುವುದು, 'ಕಾಪಿ'ಯಲ್ಲಿಟ್ಟು, ಅಂದರೆ ಉಳಿದದ್ದನ್ನು ಇದ್ದ ಹಾಗೇ ನಕಲು ಮಾಡುವಂತೆ ಇಟ್ಟು, ಸೇವ್ ಮಾಡುವುದು. ಹೀಗೆ ಮಾಡಿದರೆ ಚಿತ್ರದ ಗುಣಮಟ್ಟ ಒಂಚೂರೂ ಇಳಿಯುವುದಿಲ್ಲ. ಆದರೆ ಕೀಫ್ರೇಮ್ (ಪೂರ್ತಿ ಚಿತ್ರ ಇರುವ ಫ್ರೇಮ್) ಇದ್ದಲ್ಲೇ ಕತ್ತರಿಸಬೇಕು, ಯಾಕೆಂದರೆ ನಡುವಿನ ಚಿತ್ರಗಳಲ್ಲಿ ಬದಲಾದಷ್ಟು ಮಾತ್ರ ಇರುತ್ತದೆ. ಎಲ್ಲೆಂದರಲ್ಲಿ ಕತ್ತರಿಸಿದರೆ ಚೌಕ ಚೌಕವಾಗಿ ಒಡೆಯುತ್ತದೆ.

ನಾನು ಹುರುಪಿನಲ್ಲಿ ಸೋಪಿನ ಜಾಹೀರಾತು, 'ರುಕಾವಟ್ ಕೇ ಲಿಯೇ ಖೇದ್ ಹೈ' (ಅಡಚಣೆಗೆ ವಿಷಾದವಿದೆ) ಫಲಕ, ಉದ್ಘೋಷಕಿಯ ಮಾತು ಎಲ್ಲ ತೆಗೆದು ಬರೀ ಹಾಡು ಉಳಿಸಿ ಚಿಕ್ಕಮ್ಮನ ಮಗಳಿಗೆ ಕಳಿಸಿದೆ. ಅವಳು ಫೋನ್ ಮಾಡಿ ಮೊದಲು ಕೇಳಿದ್ದು, "ಅಣ್ಣಾ, ಟಿವಿಯವರು ಅಮ್ಮನ ಹೆಸರು ಹೇಳಿದ್ದು ಎಲ್ಲಿ ಹೋಯ್ತು?" ಪುಣ್ಯಕ್ಕೆ ಪೂರ್ತಿ ಫೈಲ್ ಅಳಿಸಿರಲಿಲ್ಲ. ರೇಷ್ಮೆ ಸೀರೆಯ ಉದ್ಘೋಷಕಿ ಕಾಗದ ನೋಡಿ ಚಿಕ್ಕಮ್ಮನ ಹೆಸರನ್ನು ನಿಧಾನಕ್ಕೆ ಓದುವ ಆ ಎಂಟು ಸೆಕೆಂಡನ್ನು ಮತ್ತೆ ಸೇರಿಸಿದೆ. ಹಾಗಾಗಿ ಕೇಳಿಕೊಳ್ಳುತ್ತೇನೆ, ಕತ್ತರಿಸದ ಫೈಲ್ ಒಂದನ್ನು ಇಟ್ಟುಕೊಳ್ಳಿ. ಆ ಜಾಹೀರಾತು, ಆ ಫಲಕ ಎಲ್ಲ ಇನ್ನೆಲ್ಲಿ ಸಿಗುತ್ತದೆ?

ಇದು ಕಾನೂನಿಗೆ ವಿರುದ್ಧವೇ ಅಂತ ಕೆಲವರು ಹೆದರುತ್ತಾರೆ. ಸ್ವಂತ ಬಳಕೆಗೆ ಟಿವಿ ಪ್ರಸಾರವನ್ನು ರೆಕಾರ್ಡ್ ಮಾಡಿಕೊಂಡರೆ ಪ್ರಸಾರಕರ ಹಕ್ಕಿಗೆ ಧಕ್ಕೆ ಅಲ್ಲ ಅಂತ 1957ರ ಕೃತಿಸ್ವಾಮ್ಯ ಕಾಯ್ದೆಯ 39ನೇ ಸೆಕ್ಷನ್‌ನಲ್ಲೇ ಇದೆ. ಯೂಟ್ಯೂಬ್‌ಗೆ ಹಾಕುವುದು ಬೇರೆ ಮಾತು.

ಎಲ್ಲರಿಗೂ ವಿಸಿಆರ್ ಎಲ್ಲಿ ಸಿಗಬೇಕು? ತಾಲ್ಲೂಕಿನ ಗ್ರಂಥಾಲಯದಲ್ಲಿ ಓಡುವ ವಿಸಿಆರ್ ಒಂದು, ಕ್ಯಾಪ್ಚರ್ ಸ್ಟಿಕ್ ಒಂದು, ಹಳೇ ಕಂಪ್ಯೂಟರ್ ಒಂದು ಇಟ್ಟರೆ ಸಾಕು, ವಾರಕ್ಕೊಂದು ದಿನ ಕೂತು ಹೇಳಿಕೊಡಲು ನಾನು ತಯಾರಿದ್ದೇನೆ. ಅಲ್ಲಿಯವರೆಗೆ ದಯವಿಟ್ಟು ಕ್ಯಾಸೆಟ್‌ಗಳನ್ನು ಒಣ ಜಾಗದಲ್ಲಿ, ಪುಸ್ತಕದ ಹಾಗೆ ನಿಲ್ಲಿಸಿಡಿ.

— ನಿಮ್ಮ ಓದುಗ, ತೀರ್ಥಹಳ್ಳಿ