ವಾಚನ ಮುಗಿದ ಮೇಲೆ ಕೂಲಿ ಬಾಕಿ ಇರಬಾರದು

ಮಾನ್ಯ ಸಂಪಾದಕರೇ,

ತೀರ್ಥಹಳ್ಳಿ ಸುತ್ತಮುತ್ತ ಅಡಿಕೆ ಕೊಯ್ಲಿಗೆ ತಯಾರಿ ನಡೆದಿದೆ. ಇನ್ನು ರಾತ್ರಿ ಹೊತ್ತಿನವರೆಗೂ ಅಂಗಳಗಳಲ್ಲಿ ಹೆಂಗಸರು ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಾರೆ. ಅದಕ್ಕೆ ಮುಂಚೆ ನಮ್ಮ ಕ್ರೈಸ್ತ ಬೆಳೆಗಾರರಿಗೆ ಒಂದು ಮಾತು ಹೇಳಬೇಕು. ನಾನೂ ಕ್ಯಾಥೊಲಿಕ್ ಬೆಳೆಗಾರರ ಮನೆಯವಳೇ.

ನಮ್ಮ ಚರ್ಚುಗಳಲ್ಲಿ ಭಾನುವಾರದ ಬೈಬಲ್ ವಾಚನಗಳು ಮೂರು ವರ್ಷಕ್ಕೊಮ್ಮೆ ಸುತ್ತಿ ಬರುತ್ತವೆ. ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಒಂದು ವರ್ಷ ಇಬ್ಬರು ಮಕ್ಕಳ ಕಥೆ. ತೋಟಕ್ಕೆ ಹೋಗಿ ಕೆಲಸ ಮಾಡು ಅನ್ನುತ್ತಾನೆ ಅಪ್ಪ. ಆಗಲ್ಲ ಅಂದವನು ಆಮೇಲೆ ಮನಸ್ಸು ಬದಲಿಸಿ ಹೋಗುತ್ತಾನೆ. ಹೋಗ್ತೀನಪ್ಪ ಅಂದವನು ಹೋಗುವುದೇ ಇಲ್ಲ. ಇನ್ನೊಂದು ವರ್ಷ ಅದೇ ಭಾನುವಾರ ಯಕೋಬನ ಪತ್ರ. 2024ರ ಸೆಪ್ಟೆಂಬರ್ 29ರಂದು ಓದಿದ್ದು ಅದನ್ನೇ. ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿ ಕೂಗುತ್ತಿದೆ, ಆ ಕೂಗು ದೇವರ ಕಿವಿಗೆ ಬಿದ್ದಿದೆ ಅನ್ನುತ್ತಾನೆ ಯಕೋಬ. ಎಲ್ಲರೂ ಕೂತು ಕೇಳಿದೆವು. ಗುರುಗಳ ಪ್ರಬೋಧನೆ ಚೆನ್ನಾಗಿತ್ತು ಅಂತ ಹೊರಗೆ ಬಂದು ಮಾತಾಡಿಕೊಂಡೆವು.

ಆ ಸುಗ್ಗಿಯಲ್ಲಿ ನಮ್ಮಲ್ಲಿಗೆ ಸುಲಿಯಲು ಬಂದ ಒಬ್ಬಾಕೆ, ಹಿಂದಿನ ವರ್ಷದ ಲೆಕ್ಕ ಇನ್ನೊಂದು ಮನೆಯವರು ಚುಕ್ತಾ ಮಾಡಿಲ್ಲ ಅಂದಳು. ‘ಕೇಳಿದ್ರೆ ಅಡಿಕೆ ಮಾರಿದ ಮೇಲೆ ಬಾ ಅಂತಾರಮ್ಮ.’ ಮಗಳ ಹಾಸ್ಟೆಲ್ ಫೀಸಿಗೆ ಅವಳು ಸಂಘದಲ್ಲಿ ಸಾಲ ಮಾಡಿದ್ದಳು. ಅವಳ ದುಡಿಮೆಯ ಹಣ ಬೇರೆಯವರ ಕೈಯಲ್ಲಿ, ಬಡ್ಡಿ ಕಟ್ಟುವವಳು ಅವಳು! ಆ ಮನೆಯವರು ಚರ್ಚಿನ ಹಬ್ಬಕ್ಕೆ ಕೈಬಿಚ್ಚಿ ಕೊಡುವವರು.

ನನಗೆ ಬೈಬಲಿನ ಸೌಲ ರಾಜ ನೆನಪಾದ. ದೇವರು ಬೇಡ ಅಂದಿದ್ದರೂ ಕೊಬ್ಬಿದ ಕುರಿ, ದನಗಳನ್ನು ಉಳಿಸಿಕೊಂಡು, ಇದೆಲ್ಲ ದೇವರಿಗೆ ಬಲಿ ಕೊಡಲಿಕ್ಕೆ ಅಂತ ಸಮಜಾಯಿಷಿ ಕೊಟ್ಟವನು. ಬಲಿಗಿಂತ ವಿಧೇಯತೆ ದೊಡ್ಡದು ಅಂತ ಪ್ರವಾದಿ ಸಮುವೇಲ ಅವನ ಮುಖಕ್ಕೇ ಹೇಳಿದ.

ವಿಧೇಯತೆ ಅಂದರೆ ಹೆಂಗಸರಿಗೆ, ಮಕ್ಕಳಿಗೆ, ಆಳುಗಳಿಗೆ ಹೇಳುವ ಮಾತು ಅಂತ ನಮ್ಮಲ್ಲಿ ಅಭ್ಯಾಸವಾಗಿಬಿಟ್ಟಿದೆ. ನಾನಿದನ್ನು ಒಪ್ಪುವುದಿಲ್ಲ. ಸಮುವೇಲ ಗದರಿದ್ದು ರಾಜನನ್ನು. ಕೂಲಿಯವನ ಕೂಲಿಯನ್ನು ಬೆಳಗಿನವರೆಗೆ ಇಟ್ಟುಕೊಳ್ಳಬೇಡ ಅಂತ ಮೋಶೆಯ ಧರ್ಮಶಾಸ್ತ್ರ ಹೇಳುವುದು ಕೂಲಿ ಕೊಡುವವನಿಗೆ. ದೇವರು ಯಾರ ಕೂಗು ಕೇಳುತ್ತಾನೋ ಅವರ ಮಾತಿಗೆ ನಾವು ಕಿವಿ ಮುಚ್ಚಿಕೊಂಡರೆ, ದೇವರ ಮಾತು ನಮಗೆ ಕೇಳಿಸುವುದಾದರೂ ಹೇಗೆ?

ಮಂಡಿಯಿಂದ ದುಡ್ಡು ಬರುವುದು ತಡ ಅನ್ನುತ್ತಾರೆ. ನಿಜ. ಆದರೆ ಅಡಿಕೆ ಮೇಲೆ ಮುಂಗಡ ಸಿಗುತ್ತದೆ, ಮನೆ ಖರ್ಚಿಗೆ, ಮದುವೆಗೆ ನಾವು ತರುತ್ತೇವೆ ಅಲ್ವಾ? ಸುಲಿದವರಿಗೂ ತರಬಹುದು.

ಚರ್ಚಿನ ಗುರುಗಳಲ್ಲಿ ನನ್ನ ಕೋರಿಕೆ ಇಷ್ಟೇ. ಪೂಜೆಯ ಕೊನೆಗೆ ಹಬ್ಬದ ವಂತಿಗೆ, ಮದುವೆ ಪ್ರಕಟಣೆ ಓದುತ್ತೀರಿ. ಈ ಸುಗ್ಗಿ ಮುಗಿಯುವವರೆಗೆ, ಅಡಿಕೆ ಗೊನೆ ಕೊಯ್ದವರ, ಸುಲಿದವರ ಲೆಕ್ಕವನ್ನು ಶನಿವಾರವೇ ಮುಗಿಸಿ ಪೂಜೆಗೆ ಬನ್ನಿ ಅಂತಲೂ ಓದಿ. ಹಳೇ ಬಾಕಿ ಇಟ್ಟುಕೊಂಡವರು ಹಬ್ಬದ ವಂತಿಗೆಗೆ ಮುಂಚೆ ಅದನ್ನು ತೀರಿಸಲಿ.

— ಅಡಿಕೆ ಬೆಳೆಗಾರ್ತಿ, ತೀರ್ಥಹಳ್ಳಿ ತಾಲ್ಲೂಕು